ಏಳು ಜನರ ಬಟ್ಟೆ, ಆರು ವರ್ಷದ ಬಳಕೆ: ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮಷೀನ್

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ 2019ರ ದೀಪಾವಳಿಯಲ್ಲಿ ಎಂಟು ಕಿಲೋ ಸಾಮರ್ಥ್ಯದ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ತಂದೆವು. ಮನೆಯಲ್ಲಿರುವವರು ಏಳು ಜನ: ಅತ್ತೆ, ಮಾವ, ನಂಜನಗೂಡಿನ ಕಾರ್ಖಾನೆಗೆ ದಿನವೂ ಹೋಗಿಬರುವ ನಮ್ಮ ಯಜಮಾನರು, ಶಾಲೆಯಲ್ಲಿ ಪಾಠ ಮಾಡುವ ನಾನು, ಇಬ್ಬರು ಮಕ್ಕಳು, ಓದಲೆಂದು ಬಂದು ನಮ್ಮಲ್ಲಿಯೇ ಉಳಿದಿರುವ ನಾದಿನಿಯ ಮಗ. ಅದಕ್ಕೆ ಮೊದಲು ಇದ್ದ ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ನೀರು ತುಂಬಿಸಿ, ಒಗೆದಾದ ಮೇಲೆ ಬಟ್ಟೆಯನ್ನು ಕೈಯಲ್ಲಿ ಎತ್ತಿ ಪಕ್ಕದ ತೊಟ್ಟಿಗೆ ಹಾಕಿ ಹಿಂಡಿಸಬೇಕಾಗಿದ್ದುದರಿಂದ, ಭಾನುವಾರದ ಬೆಳಗ್ಗೆಯೆಲ್ಲ ಯಾರಾದರೊಬ್ಬರು ಅದರ ಪಕ್ಕದಲ್ಲೇ ನಿಂತಿರಬೇಕಾಗುತ್ತಿತ್ತು. ಹೊಸ ಯಂತ್ರ ಆ ನಿಲ್ಲುವಿಕೆಯನ್ನು ತಪ್ಪಿಸಿತು. ಆದರೆ ಬಟ್ಟೆಯ ಕೆಲಸ ಎಂದು ನಾವು ಕರೆಯುವುದರಲ್ಲಿ ಒಗೆಯುವುದು ಒಂದು ಭಾಗ ಮಾತ್ರ ಎಂಬುದು ಮೊದಲ ವರ್ಷದಲ್ಲಿಯೇ ಸ್ಪಷ್ಟವಾಯಿತು. ಬೇರ್ಪಡಿಸುವುದು, ಒಣಹಾಕುವುದು, ತೆಗೆಯುವುದು, ಮಡಚುವುದು, ಯಾರ ಬಟ್ಟೆ ಯಾರ ಬೀರುವಿಗೆ ಎಂದು ಹಂಚುವುದು ಎಲ್ಲವೂ ಹಾಗೆಯೇ ಉಳಿದಿದ್ದವು.

ನಮಗೆ ನಿಜವಾದ ಬಿಡುವು ಸಿಕ್ಕಿದ್ದು, ಬಟ್ಟೆಗಳನ್ನು ಬಣ್ಣದ ಲೆಕ್ಕದಲ್ಲಿ ವಿಂಗಡಿಸುವುದನ್ನು ಬಿಟ್ಟು ಬೀರುವಿನ ಲೆಕ್ಕದಲ್ಲಿ ಒಗೆಯಲು ಆರಂಭಿಸಿದಾಗ. ಮೂರು ಬುಟ್ಟಿಗಳನ್ನಿಟ್ಟೆವು: ಅತ್ತೆ ಮಾವನವರದು ಒಂದು, ನಮ್ಮಿಬ್ಬರದು ಒಂದು, ಮಕ್ಕಳು ಮೂವರದು ಒಂದು. ಬುಟ್ಟಿ ತುಂಬಿದಾಗ ಅದರಲ್ಲಿರುವುದೆಲ್ಲ ಒಟ್ಟಿಗೆ ಯಂತ್ರಕ್ಕೆ ಹೋಗಿ, ಒಟ್ಟಿಗೆ ಒಣಗಿ, ಒಟ್ಟಿಗೆ ಅದೇ ಕೋಣೆಗೆ ಮರಳುತ್ತದೆ. ಹಿಂದೆ ಮಂಚದ ಮೇಲೆ ಗುಡ್ಡೆ ಹಾಕಿಕೊಂಡು ಏಳು ಜನರ ಕಾಲುಚೀಲಗಳ ಜೋಡಿ ಹುಡುಕುತ್ತಿದ್ದ ಸಂಜೆಗಳು ಹೀಗೆ ಇಲ್ಲವಾದವು. ತಮ್ಮ ಬುಟ್ಟಿಯ ಬಟ್ಟೆಯನ್ನು ಮಡಚುವುದು ಮಕ್ಕಳದೇ ಜವಾಬ್ದಾರಿಯಾಯಿತು. ಬಣ್ಣ ಬಿಡುವ ಹೊಸ ಬಟ್ಟೆಗಳನ್ನು ಮೊದಲ ಎರಡು ಮೂರು ಬಾರಿ ಬಕೆಟ್ಟಿನಲ್ಲಿ ಬೇರೆಯಾಗಿ ಜಾಲಿಸುತ್ತೇವೆ. ಯಜಮಾನರ ಎಣ್ಣೆಜಿಡ್ಡಿನ ಸಮವಸ್ತ್ರ ಮತ್ತು ಮಾವನವರ ಬಿಳಿ ಪಂಚೆಗಳು ಮಾತ್ರ ಈ ನಿಯಮದಿಂದ ಹೊರಗೆ. ಅತ್ತೆಯವರ ಮಡಿ ಸೀರೆ ಯಂತ್ರಕ್ಕೆ ಹೋಗುವುದೇ ಇಲ್ಲ. ಅದನ್ನು ಅವರೇ ಹಿತ್ತಲಿನ ಕಲ್ಲಿನ ಮೇಲೆ ಒಗೆದುಕೊಳ್ಳುತ್ತಾರೆ, ಅದರಲ್ಲಿ ನಾವು ಯಾರೂ ಕೈಹಾಕುವುದಿಲ್ಲ. ಜರಿ ಇರುವ ಮೈಸೂರು ರೇಷ್ಮೆಗೂ ಯಂತ್ರಕ್ಕೂ ಸಂಬಂಧವಿಲ್ಲ.

ಒಗೆತದ ಗುಣದ ಬಗ್ಗೆ ನನಗೆ ತೃಪ್ತಿಯಿದೆ. ಹೊರಹೋಗುವ ಪೈಪನ್ನು ಬಕೆಟ್ಟುಗಳಿಗೆ ಬಿಟ್ಟು ಒಮ್ಮೆ ಅಳೆದಾಗ ಒಂದು ಕಾಟನ್ ಒಗೆತಕ್ಕೆ ಸುಮಾರು 55 ಲೀಟರ್ ನೀರು ಬಂತು. ವಿದ್ಯುತ್ತಿನ ಹೆಚ್ಚಿನ ಪಾಲು ಡ್ರಮ್ ತಿರುಗಿಸುವುದಕ್ಕಲ್ಲ, ನೀರು ಕಾಯಿಸುವುದಕ್ಕೆ ಹೋಗುತ್ತದೆ. ಕಾಯುವುದು ಸೋಪಿನೊಂದಿಗೆ ಮೊದಲು ತುಂಬುವ ನೀರು ಮಾತ್ರ; ಅದು ಹದಿನೈದು ಲೀಟರ್ ಎಂದಿಟ್ಟುಕೊಂಡರೆ, 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಕಾಲು ಯೂನಿಟ್ಟಿನಷ್ಟು ಸಾಕು, 60 ಡಿಗ್ರಿಗೆ ಏರಿಸಲು 0.6 ಯೂನಿಟ್ ಬೇಕು. ಆದ್ದರಿಂದ ದಿನಬಳಕೆಯ ಬಟ್ಟೆಗೆ 40 ಡಿಗ್ರಿಯನ್ನೂ, ಹಾಸಿಗೆಯ ಹೊದಿಕೆ ಮತ್ತು ಟವೆಲ್ಲುಗಳಿಗೆ ಮಾತ್ರ 60 ಡಿಗ್ರಿಯನ್ನೂ ಇಟ್ಟುಕೊಂಡಿದ್ದೇವೆ. ಡ್ರಮ್ಮಿನಲ್ಲಿ ಬಟ್ಟೆಯನ್ನು ಗಿಡಿದು ತುಂಬಬಾರದು, ಮೇಲೆ ಒಂದು ಗೇಣು ಜಾಗ ಬಿಟ್ಟರೆ ಬಟ್ಟೆ ಎತ್ತರದಿಂದ ಬಿದ್ದು ಚೆನ್ನಾಗಿ ಒಗೆಯಲ್ಪಡುತ್ತದೆ, ಸುಕ್ಕು ಕಡಿಮೆಯಾಗಿ ಇಸ್ತ್ರಿಯ ಕೆಲಸವೂ ತಗ್ಗುತ್ತದೆ. ಅರಿಶಿನದ ಕಲೆಯ ವಿಷಯದಲ್ಲಿ ಯಂತ್ರವನ್ನು ದೂರುವುದು ಸರಿಯಲ್ಲ. ಸೋಪಿನ ಕ್ಷಾರ ತಗುಲಿದೊಡನೆ ಅರಿಶಿನ ಕೆಂಪಾಗುತ್ತದೆ, ಕಲೆ ಹೆಚ್ಚಾಯಿತೆಂದು ಗಾಬರಿಯಾಗುತ್ತದೆ; ಒಗೆದ ಬಟ್ಟೆಯನ್ನು ತಾರಸಿಯ ಬಿಸಿಲಿನಲ್ಲಿ ಹರವಿದರೆ ಎರಡು ದಿನದಲ್ಲಿ ಅದು ಬಹುಮಟ್ಟಿಗೆ ಮಾಸಿಹೋಗುತ್ತದೆ.

ತೊಂದರೆಗಳಲ್ಲಿ ದೊಡ್ಡದು ನೀರಿನದೇ. ಕಾವೇರಿ ನೀರು ಬರುವ ದಿನಗಳಲ್ಲಿ ಯಾವ ತಾಪತ್ರಯವೂ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಸಂಪಿನಲ್ಲಿ ಬೋರ್‌ವೆಲ್ ನೀರೇ ಹೆಚ್ಚಾದಾಗ, ಆ ಗಡಸು ನೀರಿನ ಸುಣ್ಣದಂಶ ಹೀಟರಿನ ಮೇಲೆ ಕಟ್ಟಿಕೊಂಡಿತು. ಟವೆಲ್ಲುಗಳು ಒರಟಾದವು, ಒಗೆಯುವ ಸಮಯ ಉದ್ದವಾಯಿತು. ಈಗ ಎರಡು ತಿಂಗಳಿಗೊಮ್ಮೆ ಬಟ್ಟೆ ಹಾಕದೆ ಸಿಟ್ರಿಕ್ ಆಮ್ಲದೊಂದಿಗೆ ಬಿಸಿನೀರಿನಲ್ಲಿ ಯಂತ್ರವನ್ನು ಓಡಿಸುತ್ತೇವೆ. ಮೂರನೆಯ ವರ್ಷದಲ್ಲಿ ನೀರು ಹೊರಹೋಗುವುದು ನಿಂತಾಗ ರಿಪೇರಿಗೆ ಬಂದವರು ಪಂಪನ್ನೇ ಬದಲಾಯಿಸಬೇಕೆಂದರು. ಅವರು ಹೋದ ಮೇಲೆ ಯಜಮಾನರು ಕೆಳಗಿನ ಸಣ್ಣ ಮುಚ್ಚಳ ತಿರುಗಿಸಿ ಫಿಲ್ಟರನ್ನು ಹೊರತೆಗೆದಾಗ ಎರಡು ರೂಪಾಯಿಯ ನಾಣ್ಯ, ಒಂದು ಹೇರ್‌ಪಿನ್ನು, ಕೂದಲಿನ ಉಂಡೆ ಸಿಕ್ಕಿದವು. ತೊಳೆದು ಹಾಕಿದೊಡನೆ ಪಂಪು ಸರಿಯಾಗಿ ನಡೆಯಿತು. ಸಾವಿರಾರು ರೂಪಾಯಿ ಖರ್ಚು ಹೇಳುವ ಮೊದಲು ಆ ಮುಚ್ಚಳವನ್ನು ಅವರೇ ತೆರೆದು ನೋಡಬೇಕಾಗಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ. ಬಾಗಿಲಿನ ರಬ್ಬರಿನಲ್ಲಿ ಬೂಷ್ಟು ಹಿಡಿಯುವುದು ಇನ್ನೊಂದು ಕಾಟ. ಒಗೆದಾದ ಮೇಲೆ ಮಡಿಕೆಗಳನ್ನು ಒರೆಸಿ ಬಾಗಿಲನ್ನು ತೆರೆದಿಟ್ಟರೆ ವಾಸನೆ ಬರುವುದಿಲ್ಲ.

ಮಳೆಗಾಲದಲ್ಲಿ ಒಣಗಿಸುವುದಕ್ಕೆ ಈ ಯಂತ್ರದ ಪರಿಹಾರ ಅರ್ಧ ಮಾತ್ರ. ಹಿಂಡುವ ವೇಗವನ್ನು ನಿಮಿಷಕ್ಕೆ 1200 ಸುತ್ತುಗಳಿಗೆ ಇಟ್ಟರೆ ಬಟ್ಟೆ ತೊಟ್ಟಿಕ್ಕದೆ ಹೊರಬರುತ್ತದೆ, ಆದರೂ ಜುಲೈ ಆಗಸ್ಟಿನ ಜಿಟಿಜಿಟಿಯಲ್ಲಿ ಜೀನ್ಸ್ ಒಣಗಲು ಒಂದೂವರೆ ದಿನ ಬೇಕು. ಪಡಸಾಲೆಯ ಸೂರಿಗೆ ಹಗ್ಗ ಎಳೆದು ಮೇಲೇರಿಸುವ ಸರಳುಗಳನ್ನು ಹಾಕಿಸಿ, ಆ ತಿಂಗಳುಗಳಲ್ಲಿ ದಿನಕ್ಕೊಂದೇ ಬುಟ್ಟಿ ಒಗೆಯುತ್ತೇವೆ. ಬೆಳಗ್ಗೆ ಐದೂವರೆಗೆ ಆರಂಭವಾಗುವಂತೆ ರಾತ್ರಿಯೇ ಹೊಂದಿಸಿಟ್ಟರೆ ಮಕ್ಕಳು ಶಾಲೆಗೆ ಹೊರಡುವ ಮೊದಲು ಬಟ್ಟೆ ಸರಳಿನ ಮೇಲಿರುತ್ತದೆ.

ಕಳೆದ ಕೆಲವು ತಿಂಗಳುಗಳಿಂದ ಹಿಂಡುವಾಗ ಗುಡುಗಿನಂಥ ಸದ್ದು ಬರುತ್ತಿದೆ. ಬೇರಿಂಗ್ ಸವೆದಿದೆಯೆಂದು ಪರಿಚಯದ ಮೆಕ್ಯಾನಿಕ್ ಹೇಳಿದ್ದಾರೆ. ಉಳಿದೆಲ್ಲ ಭಾಗ ಗಟ್ಟಿಯಾಗಿರುವುದರಿಂದ ಅದನ್ನು ಬದಲಾಯಿಸಿಯೇ ಮುಂದುವರಿಸುತ್ತೇವೆ. ಎಂದಾದರೂ ಹೊಸದನ್ನು ಕೊಳ್ಳುವುದಾದರೆ ಇದೇ ಬಗೆಯದನ್ನೇ ಕೊಳ್ಳುತ್ತೇವೆ, ಆದರೆ ಒಂಬತ್ತು ಕಿಲೋದ್ದು. ಜೋಡಿಮಂಚದ ರಜಾಯಿ ಈಗಿನ ಡ್ರಮ್ಮಿನಲ್ಲಿ ಬಿಡಿಬಿಡಿಯಾಗಿ ಹೊರಳುವುದಿಲ್ಲ.