ಲೇಬಲ್ ಇಲ್ಲದ ಡಬ್ಬಿಯ ಕ್ರೀಮ್ ಮುಖಕ್ಕೆ ಹಚ್ಚಬೇಡಿ: ನನ್ನ ತಂಗಿಗೆ ಆಗಿದ್ದು ನಿಮಗಾಗಬಾರದು

ಕಡಿಮೆ ದುಡ್ಡಲ್ಲಿ ಮೊಡವೆ ಹೋಗುತ್ತೆ, ಮುಖ ತಿಳಿಯಾಗುತ್ತೆ ಅಂತ ಯಾರಾದರೂ ಹೆಸರು, ವಿವರ ಏನೂ ಇಲ್ಲದ ಕ್ರೀಮ್ ಕೊಟ್ಟರೆ ದಯವಿಟ್ಟು ತಗೋಬೇಡಿ. ಅಂಥದ್ದೊಂದು ಕ್ರೀಮಿನಿಂದ ನನ್ನ ತಂಗಿಯ ಮುಖ ಹಾಳಾಯಿತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ ಅಕ್ಕಾ, ಇನ್ನೊಬ್ಬರ ಮುಖ ಉಳಿದರೆ ಸಾಕು" ಅಂದಳು.

ತಂಗಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಸಂಬಳ ಕಡಿಮೆ. ಬಾಡಿಗೆ, ಊಟ, ಓಡಾಟ ಅಂತ ಕಳೆದರೆ ಕೈಯಲ್ಲಿ ಉಳಿಯುತ್ತಿದ್ದುದು ಅಷ್ಟರಲ್ಲೇ. ಕೆನ್ನೆ ತುಂಬ ಮೊಡವೆ, ಜೊತೆಗೆ ಹಳೆ ಮೊಡವೆಗಳ ಕಪ್ಪು ಕಲೆ. ಚರ್ಮದ ಡಾಕ್ಟರ ಹತ್ತಿರ ಹೋದರೆ ಎಷ್ಟು ಖರ್ಚಾಗುತ್ತೋ ಅಂತ ಮುಂದೂಡುತ್ತಲೇ ಇದ್ದಳು. ಐಬ್ರೋ ಮಾಡಿಸಲು ಹೋಗುತ್ತಿದ್ದ ಪಾರ್ಲರಿನವರು ಅವಳ ಕೆನ್ನೆ ನೋಡಿ ಒಂದು ಡಬ್ಬಿ ಕೊಟ್ಟರು. "ನಾವೇ ಮಿಕ್ಸ್ ಮಾಡಿಸಿದ್ದು, ಎಲ್ಲ ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ" ಅಂದರಂತೆ. ಡಾಕ್ಟರ ಫೀಸಿಗಿಂತ ಎಷ್ಟೋ ಅಗ್ಗ.

ಆ ಡಬ್ಬಿ ನಾನೂ ನೋಡಿದೆ. ಬಿಳಿ ಪ್ಲಾಸ್ಟಿಕ್, ಒಳಗೆ ತಿಳಿ ಹಳದಿ ಕ್ರೀಮ್. ಹೊರಗೆ ಕಂಪನಿ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ತಯಾರಾದ ದಿನ ಇಲ್ಲ, ಒಳಗೇನು ಹಾಕಿದ್ದಾರೆ ಅನ್ನುವ ಒಂದು ಸಾಲೂ ಇಲ್ಲ. ಮುಚ್ಚಳದ ಮೇಲೆ ಪೆನ್ನಿನಲ್ಲಿ "ರಾತ್ರಿ" ಅಂತ ಬರೆದಿತ್ತು, ಅಷ್ಟೇ.

ಕ್ರೀಮ್ ಕೆಲಸ ಮಾಡಿತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅಪಾಯ ಇರುವುದೇ ಇಲ್ಲಿ. ವಾರದೊಳಗೆ ಮೊಡವೆ ಅಡಗಿತು, ಮುಖ ನುಣುಪಾಯಿತು, ಬಣ್ಣವೂ ತಿಳಿಯಾದಂತೆ ಕಂಡಿತು. ಜೊತೆಯಲ್ಲಿ ಕೆಲಸ ಮಾಡುವವರು ಏನು ಹಚ್ತೀಯ ಅಂತ ಕೇಳತೊಡಗಿದರು. ಮೊದಲ ದಿನವೇ ಉರಿ ಬಂದಿದ್ದರೆ ಯಾರೂ ಎರಡನೇ ಸಲ ಹಚ್ಚುವುದಿಲ್ಲ. ಇಂಥ ಕ್ರೀಮ್ ಮೊದಲು ನಂಬಿಕೆ ಹುಟ್ಟಿಸುತ್ತದೆ.

ಕೆಲವು ತಿಂಗಳಲ್ಲಿ ಚಿತ್ರ ಬದಲಾಯಿತು. ಬಿಸಿಲಿಗೆ ಹೋದರೆ ಮುಖ ಕೆಂಪಾಗಿ ಉರಿಯುತ್ತಿತ್ತು. ಒಂದೆರಡು ರಾತ್ರಿ ಕ್ರೀಮ್ ಬಿಟ್ಟರೆ ಮೊದಲಿಗಿಂತ ಜಾಸ್ತಿ ಗುಳ್ಳೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತಿತ್ತು. ಪಾರ್ಲರಿನಲ್ಲಿ ಕೇಳಿದ್ದಕ್ಕೆ, "ಒಳಗಿನ ಕೊಳೆ ಹೊರಗೆ ಬರ್ತಿದೆ, ನಿಲ್ಲಿಸಬೇಡಿ" ಅಂತ ಇನ್ನೊಂದು ಡಬ್ಬಿ ಕೊಟ್ಟು ಕಳಿಸಿದರು. ನನಗೆ ಇವತ್ತಿಗೂ ಸಿಟ್ಟು ತರಿಸುವ ಮಾತು ಇದೇ. ಬಿಟ್ಟರೆ ಹೆಚ್ಚಾಗುತ್ತದೆ, ಹಚ್ಚಿದರೆ ಅಡಗುತ್ತದೆ ಎನ್ನುವುದೇ ಇಂಥ ಕ್ರೀಮ್ ಮಾಡುವ ಹಾನಿಯ ದೊಡ್ಡ ಗುರುತು. ಅದನ್ನೇ ಗುಣ ಅಂತ ಹೇಳಿ ಮಾರಿದರು.

ರಜೆಗೆ ಮನೆಗೆ ಬಂದಾಗ ಕಿಟಕಿ ಬೆಳಕಿನಲ್ಲಿ ಅವಳ ಮುಖ ನೋಡಿದೆ. ಎರಡೂ ಕೆನ್ನೆ ಮೇಲೆ ಕೆಂಪು ದಾರದಂತೆ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ದವಡೆಯ ಅಂಚಿನಲ್ಲಿ ಮೊದಲು ಇಲ್ಲದ ಸಣ್ಣ ಕೂದಲು. ಮುಖ ತೊಳೆದ ಮೇಲೆ ಟವೆಲ್ ಒತ್ತಿಕೊಳ್ಳಲೂ ಹೆದರುತ್ತಿದ್ದಳು, ಅಷ್ಟು ಉರಿ.

ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಹಚ್ಚುತ್ತಿರೋ ಕ್ರೀಮ್ ತಂದಿದ್ದೀರಾ?" ಡಬ್ಬಿ ನೋಡಿದರು, ಕೆನ್ನೆ ನೋಡಿದರು. "ಇದರಲ್ಲಿ ಸ್ಟಿರಾಯ್ಡ್ ಇದೆ ಅಂತ ನಿಮ್ಮ ಮುಖವೇ ಹೇಳ್ತಿದೆಯಮ್ಮ" ಅಂದರು. ದಿನಾ ಇಂಥವರು ಬರುತ್ತಾರಂತೆ.

ಸ್ಟಿರಾಯ್ಡ್ ಏನು ಮಾಡುತ್ತದೆ ಅಂತ ತಿಳಿದರೆ ಮೋಸ ಹೋಗುವುದು ಕಷ್ಟ. ಅದು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹಾಗಾಗಿ ಮುಖ ಬಿಳುಪಾಗಿ ಕಾಣುತ್ತದೆ. ಊತ, ಕೆಂಪು ಎರಡನ್ನೂ ತಗ್ಗಿಸುತ್ತದೆ, ಹಾಗಾಗಿ ಮೊಡವೆ ಹೋದಂತೆ ಕಾಣುತ್ತದೆ. ಮೊಡವೆಗೆ ಕಾರಣವಾದದ್ದು ಅಲ್ಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಳಗಿನ ನಾಳಗಳು ಹೊರಗೆ ಕಾಣತೊಡಗುತ್ತವೆ. ನಿಲ್ಲಿಸಿದ ತಕ್ಷಣ ಕುಗ್ಗಿದ ನಾಳಗಳು ಹಿಗ್ಗಿ, ಕೆಂಪು, ಉರಿ, ಗುಳ್ಳೆ ಎಲ್ಲ ಒಟ್ಟಿಗೆ ವಾಪಸ್ ಬರುತ್ತವೆ.

ಮುಖಕ್ಕೇ ಏಕೆ ಇಷ್ಟು ತೊಂದರೆ ಅಂದರೆ, ಅಲ್ಲಿನ ಚರ್ಮ ಹಚ್ಚಿದ್ದನ್ನು ಬೇಗ ಹೀರಿಕೊಳ್ಳುತ್ತದೆ. 1967ರಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅದೇ ಸ್ಟಿರಾಯ್ಡನ್ನು ಮುಂಗೈ ಒಳಭಾಗ ಎಷ್ಟು ಹೀರಿತೋ ಅದರ 6 ಪಟ್ಟು ಹಣೆ ಹೀರಿತ್ತು, 13 ಪಟ್ಟು ದವಡೆಯ ಮೂಲೆ ಹೀರಿತ್ತು. ಕೈಗೆ ಹಚ್ಚಿ ನೋಡಿದೆ, ಏನೂ ಆಗಲಿಲ್ಲ ಅಂತ ಇಂಥ ಕ್ರೀಮನ್ನು ಮುಖಕ್ಕೆ ಹಚ್ಚುವವರು ಇದನ್ನು ನೆನಪಿಡಿ.

ಹಾಗಂತ ಸ್ಟಿರಾಯ್ಡ್ ಅಂದರೆ ವಿಷ ಅಲ್ಲ. ಎಕ್ಸಿಮಾ, ಸೋರಿಯಾಸಿಸ್‌ನಂಥ ಚರ್ಮದ ಕಾಯಿಲೆ ಇರುವವರಿಗೆ ಡಾಕ್ಟರು ಎಷ್ಟು ದಿನ, ಎಲ್ಲಿ, ಎಷ್ಟು ಅಂತ ಹೇಳಿ ಬರೆದುಕೊಟ್ಟರೆ ಅದು ಒಳ್ಳೆ ಔಷಧಿ. ಇದನ್ನು ಓದಿ ಹೆದರಿ ಆ ಔಷಧಿ ನಿಲ್ಲಿಸಬೇಡಿ.

ಲೇಬಲ್ ಇರುವ ಟ್ಯೂಬಾದರೂ ಹಿಂದೆ ತಿರುಗಿಸಿ ಓದಿ. ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್, ಡೆಕ್ಸಾಮೆಥಸೋನ್. ಇವುಗಳಲ್ಲಿ ಯಾವುದೇ ಹೆಸರು ಕಂಡರೂ ಅದು ಸ್ಟಿರಾಯ್ಡ್, ಸುಮ್ನೆ ಹಚ್ಚಿಕೊಳ್ಳುವ ಕ್ರೀಮ್ ಅಲ್ಲ. ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್, ವಿಟಮಿನ್ ಎ ಬಗೆಯ ಟ್ರೆಟಿನಾಯಿನ್, ಒಂದು ಸ್ಟಿರಾಯ್ಡ್, ಈ ಮೂರನ್ನು ಸೇರಿಸಿದ ಮಿಶ್ರಣ 1975ರಿಂದ ವೈದ್ಯರಿಗೆ ಗೊತ್ತು. ಮುಖದ ಮೇಲೆ ಹರಡುವ ಕಂದು ಕಲೆಗೆ (ಬಂಗು), ಅದೂ ಸ್ವಲ್ಪ ಕಾಲ ಮಾತ್ರ, ವೈದ್ಯರ ಕಣ್ಣೆದುರು ಬಳಸುವ ಔಷಧಿ ಅದು. ಅದನ್ನೇ ದಿನನಿತ್ಯದ ಬ್ಯೂಟಿ ಕ್ರೀಮ್ ಅಂತ ಮಾರಿದರೆ ಮುಖದ ಗತಿ ಏನಾಗಬೇಕು? ಹೈಡ್ರೋಕ್ವಿನೋನ್ ಒಂದನ್ನೇ ವರ್ಷಗಟ್ಟಲೆ ಹಚ್ಚಿದರೂ ಕೆಲವರಿಗೆ ನೀಲಿ ಮಿಶ್ರಿತ ಕಪ್ಪು ಕಲೆ ಬೀಳುತ್ತದೆ. ಕಲೆ ತೆಗೆಯಲು ಹಚ್ಚಿದ್ದು ತೆಗೆಯುವುದೇ ಕಷ್ಟವಾದ ಕಲೆ ಕೊಡುತ್ತದೆ.

ಇನ್ನೊಂದು ಬಗೆಯ ಅಗ್ಗದ ಕ್ರೀಮ್ ಇದಕ್ಕಿಂತ ಕೆಟ್ಟದ್ದು. ಅದರಲ್ಲಿರುವುದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಅದು ತಡೆಯುತ್ತದೆ, ಅದಕ್ಕೇ ಬೆಳ್ಳಗಾಗಿಸುವ ಕ್ರೀಮುಗಳಿಗೆ ಬೆರೆಸುತ್ತಾರೆ. ಚರ್ಮದ ಮೂಲಕ ದೇಹಕ್ಕೆ ಇಳಿದು ಮೂತ್ರಪಿಂಡ, ನರ ಎರಡನ್ನೂ ಕೆಡಿಸಬಲ್ಲದು. ಹಚ್ಚಿಕೊಂಡವರ ಕೈ, ಟವೆಲ್, ದಿಂಬಿನಿಂದ ಮನೆಯ ಮಕ್ಕಳಿಗೂ ತಗಲುತ್ತದೆ. ಪಾದರಸದ ಬಗ್ಗೆ 2013ರಲ್ಲಿ ದೇಶ ದೇಶಗಳ ನಡುವೆ ಆದ ಮಿನಮಾಟಾ ಒಪ್ಪಂದ ಮೊದಲು 10 ಲಕ್ಷದಲ್ಲಿ 1 ಭಾಗಕ್ಕಿಂತ ಹೆಚ್ಚು ಪಾದರಸ ಇರುವ ಸೌಂದರ್ಯವರ್ಧಕಗಳನ್ನು ಬೇಡ ಅಂದಿತ್ತು. 2023ರಲ್ಲಿ ಸಭೆ ಸೇರಿದಾಗ ಒಪ್ಪಂದದ ದೇಶಗಳು ಆ ಮಿತಿಯನ್ನೂ ತೆಗೆದು, ಪಾದರಸ ಬೆರೆಸಿದ ಯಾವ ಸೌಂದರ್ಯವರ್ಧಕವೂ ಬೇಡ ಅಂತ ತೀರ್ಮಾನಿಸಿದವು. ಆದರೂ ಅಂಥ ಕ್ರೀಮ್ ಮಾರಾಟ ನಿಂತಿಲ್ಲ. ಲೇಬಲ್ ಮೇಲೆ ಮರ್ಕ್ಯುರಿ, ಕ್ಯಾಲೊಮೆಲ್, ಮರ್ಕ್ಯುರಿಕ್ ಅಂತ ಇದ್ದರೆ ಅದು ಪಾದರಸವೇ, ಮುಟ್ಟಬೇಡಿ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ ಅಂತ ಬರೆದಿದ್ದರೂ ಪಾದರಸ ಇರಬಹುದು ಅಂತಲೇ ಅರ್ಥ ಮಾಡಿಕೊಳ್ಳಿ.

ಲೇಬಲ್ ಓದಲು ಬಾರದಿದ್ದರೂ ಒಂದು ಅಳತೆ ಇದೆ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 4 ವಾರ ಬೇಕು. ಕಲೆ, ಬಣ್ಣ, ಮೊಡವೆ ಎಲ್ಲವೂ ಕೆಲವೇ ದಿನದಲ್ಲಿ ಮಾಯ ಅಂದರೆ ಆ ಡಬ್ಬಿಯನ್ನು ಅನುಮಾನಿಸಿ. ಮೈಬಣ್ಣ ಕಾಯಿಲೆಯಲ್ಲ, ಅದನ್ನು ಬದಲಿಸಲು ದುಡ್ಡು ಹಾಕಲೇಬೇಡಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ದುಡ್ಡಿಲ್ಲ ಅಂತ ಅಡುಗೆ ಮನೆಗೆ ಕೈ ಹಾಕುವವರಿಗೂ ಒಂದು ಮಾತು. ನಮ್ಮ ಚರ್ಮ ತುಸು ಆಮ್ಲೀಯ, ಹುಳಿಯ ಅಳತೆಯಾದ ಪಿಎಚ್ 5ರ ಆಸುಪಾಸು (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ನಿಂಬೆರಸ 2ರ ಹತ್ತಿರ, ಅಡುಗೆ ಸೋಡಾ 8ರ ಮೇಲೆ. ಎರಡೂ ಚರ್ಮದ ಮೇಲ್ಪದರವನ್ನು ಕೆಡಿಸುತ್ತವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಗಾಯದಂಥ ಬೊಬ್ಬೆ ಏಳಬಹುದು, ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವುದೂ ಬೇಡ.

ಹಾಗಾದರೆ ಕೈಯಲ್ಲಿರುವ ಚೂರು ದುಡ್ಡನ್ನು ಎಲ್ಲಿ ಹಾಕುವುದು? ಡಾಕ್ಟರು ತಂಗಿಗೆ ಹೇಳಿದ ಪಟ್ಟಿ ನೋಡಿ ನಮಗೇ ಆಶ್ಚರ್ಯವಾಯಿತು. ವಾಸನೆ ಹಾಕದ ಸೌಮ್ಯ ಸೋಪು ಅಥವಾ ಕ್ಲೆನ್ಸರ್, ಒಂದು ಸಾದಾ ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಟೋನರ್, ಸೀರಮ್, ಐ ಕ್ರೀಮ್, ಶೀಟ್ ಮಾಸ್ಕ್ ಯಾವುದೂ ಬೇಡ. ಗ್ಲಿಸರಿನ್ ಇರುವ ಸಾದಾ ಮಾಯಿಶ್ಚರೈಸರ್ ಅಗ್ಗದ್ದಾದರೂ ಸಾಕು. ಸ್ನಾನ ಆದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ಹಚ್ಚಿದರೆ ಕಡಿಮೆ ಕ್ರೀಮಿನಲ್ಲೇ ಕೆಲಸ ಆಗುತ್ತದೆ. ತುಟಿ, ಹಿಮ್ಮಡಿ, ಒಡೆದ ಕೈಗೆ ಪೆಟ್ರೋಲಿಯಂ ಜೆಲ್ಲಿಗಿಂತ ಒಳ್ಳೆಯದು ದುಬಾರಿ ಬಾಟಲಿಗಳಲ್ಲೂ ಸಿಗುವುದು ಕಷ್ಟ.

ಸನ್‌ಸ್ಕ್ರೀನಿನಲ್ಲಿ ದೊಡ್ಡ ಅಂಕಿಯ ಹಿಂದೆ ಓಡಬೇಡಿ. ಆ ಅಂಕಿ, ಅಂದರೆ ಎಸ್‌ಪಿಎಫ್, ಬಿಸಿಲು ತಡೆಯುವ ಅಳತೆ. ಸುಡುವ ಕಿರಣಗಳಲ್ಲಿ ಎಸ್‌ಪಿಎಫ್ 30 ನೂರರಲ್ಲಿ ಸುಮಾರು 97 ಭಾಗ ತಡೆದರೆ, 50 ತಡೆಯುವುದು 98 ಭಾಗ. ಎಷ್ಟು ಹಚ್ಚುತ್ತೀರಿ ಅನ್ನುವುದು ಮುಖ್ಯ. ಮುಖ, ಕತ್ತಿಗೆ ಎರಡು ಬೆರಳುದ್ದ ಬೇಕು, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಷ್ಟು ಕೊಳ್ಳಲು ಆಗದಿದ್ದರೆ ಛತ್ರಿ, ಟೋಪಿ, ತುಂಬು ತೋಳಿನ ಬಟ್ಟೆ ಇದ್ದೇ ಇವೆ. ಒಂದು ಸಲ ಕೊಂಡರೆ ವರ್ಷಗಟ್ಟಲೆ ಬರುತ್ತವೆ. ಮನೆಯಲ್ಲೇ ಸನ್‌ಸ್ಕ್ರೀನ್ ಮಾಡುವ ವಿಡಿಯೊಗಳನ್ನು ಮಾತ್ರ ನಂಬಬೇಡಿ.

ಸಾಧಾರಣ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಹಳೆಯ, ಅಗ್ಗದ, ಪರೀಕ್ಷೆಯಾದ ಔಷಧಿ. ಶೇ. 2.5ರ ಜೆಲ್ ಕೂಡ ಶೇ. 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ದಿಂಬಿನ ಕವರಿಗೆ ತಾಗಿದರೆ ಬಣ್ಣ ಬಿಡುತ್ತದೆ, ಹಳೆ ಬಟ್ಟೆ ಹಾಸಿಕೊಳ್ಳಿ. ಆದರೆ ನನ್ನ ತಂಗಿಯಂತೆ ಈಗಾಗಲೇ ಸ್ಟಿರಾಯ್ಡಿನಿಂದ ಕೆಟ್ಟ ಮುಖಕ್ಕೆ ಡಾಕ್ಟರನ್ನು ಕೇಳದೆ ಇದನ್ನೂ ಹಚ್ಚಬೇಡಿ. ಯಾವುದೇ ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಾ ಎರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಅಲರ್ಜಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಮೇಲೆ ಹೇಳಿದ ಸ್ಟಿರಾಯ್ಡನ್ನು ಮಾತ್ರ ಈ ಪರೀಕ್ಷೆ ಹಿಡಿಯುವುದಿಲ್ಲ, ಅದಕ್ಕೆ ಲೇಬಲ್ಲೇ ಗತಿ.

ತಂಗಿಯ ಮುಖ ನಿಧಾನವಾಗಿ ಸುಧಾರಿಸುತ್ತಿದೆ. ಉರಿ ಇಳಿದಿದೆ, ಕೆನ್ನೆಯ ನಾಳಗಳು ಇನ್ನೂ ಪೂರ್ತಿ ಹೋಗಿಲ್ಲ. ಮೊದಲೇ ಒಂದು ಸಲ ಡಾಕ್ಟರಿಗೆ ತೋರಿಸಿದ್ದರೆ ಆಗುತ್ತಿದ್ದ ಖರ್ಚಿಗಿಂತ ಎಷ್ಟೋ ಜಾಸ್ತಿ ಈಗ ಚಿಕಿತ್ಸೆಗೆ ಆಗಿದೆ. ಖಾಸಗಿಯಲ್ಲಿ ದುಬಾರಿ ಅನ್ನಿಸಿದರೆ ಸರ್ಕಾರಿ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ಹೋಗಿ, ಖರ್ಚು ಕಡಿಮೆ.

ಈಗಾಗಲೇ ಇಂಥ ಕ್ರೀಮ್ ಹಚ್ಚುತ್ತಿದ್ದೀರಾ? ಗಾಬರಿಯಾಗಿ ನೀವಾಗಿಯೇ ಒಂದೇ ಸಲ ನಿಲ್ಲಿಸಬೇಡಿ, ಮುಖ ಕೆಂಪಾಯಿತು ಅಂತ ಮತ್ತೆ ಅದೇ ಡಬ್ಬಿಗೆ ಕೈ ಹಾಕುವುದೂ ಬೇಡ. ಆದಷ್ಟು ಬೇಗ ಡಾಕ್ಟರನ್ನು ನೋಡಿ. ಕೆಲವರಿಗೆ ಹಂತಹಂತವಾಗಿ ಕಡಿಮೆ ಮಾಡಿಸುತ್ತಾರೆ, ಕೆಲವರಿಗೆ ಸ್ಟಿರಾಯ್ಡ್ ಅಲ್ಲದ ಮುಲಾಮು ಕೊಟ್ಟು ನಿಲ್ಲಿಸುತ್ತಾರೆ. ಪಾದರಸದ ಅನುಮಾನ ಇದ್ದರೆ ಮಾತ್ರ ಕಾಯಬೇಡಿ, ಅವತ್ತೇ ನಿಲ್ಲಿಸಿ, ಮೂತ್ರ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಎಷ್ಟು ತಿಂಗಳಿಂದ ಹಚ್ಚುತ್ತಿದ್ದೀರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಬಸುರಿಯಾಗಿದ್ದರೆ, ಎಳೆ ಮಗುವಿಗೆ ಹಾಲು ಕೊಡುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.