ಡನ್‌ಹಿಲ್ಲೋ, ಬಾರ್ಲಿಂಗೋ?
ಬ್ರಯರ್ ಎಂಬ ಪೊದೆಯ ಗಟ್ಟಿ ಬೇರಿನಿಂದ ಮಾಡಿದ ಹಳೆಯ ಇಂಗ್ಲಿಷ್ ತಂಬಾಕು ಪೈಪ್‌ಗಳ ಸಂಗ್ರಹ ಶುರು ಮಾಡುವವರಿಗೆ ನಾನು ಮೊದಲು ಡನ್‌ಹಿಲ್ ಕಂಪನಿಯ ಪೈಪ್ ಹೇಳುತ್ತೇನೆ. ಕಾರಣ ಬಾಯಿಗಿಡುವ ಕೊಳವೆಯ ಮೇಲಿನ ಆ ಹೆಸರಾಂತ ಬಿಳಿ ಚುಕ್ಕೆಯಲ್ಲ, 'ಮೇಡ್ ಇನ್ ಇಂಗ್ಲೆಂಡ್' ಮುದ್ರೆಯ ಪಕ್ಕದ ಪುಟ್ಟ ಅಂಕಿ. ಅದನ್ನು ಓದಲು ಕಲಿತರೆ ಪೈಪ್ ಯಾವ ವರ್ಷದ್ದೆಂದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಡನ್‌ಹಿಲ್‌ನದೇ 'ಶೆಲ್ ಬ್ರಯರ್' ಬಗೆಯ ಪೈಪ್‌ನ ಮರಳು ಹೊಡೆದ ಒರಟು ಮೈ ಹಿಡಿದು ನೋಡಿ, ಕೆಳಗಿಡಲು ಮನಸ್ಸಾಗದು. ಆದರೆ ಹೆಸರಿಗೂ ಸೇರಿಸಿ ದುಡ್ಡು ಕೊಡಬೇಕು.

ಲಂಡನ್ನಿನ ಬಾರ್ಲಿಂಗ್ ಕಂಪನಿ ಇನ್ನೂ ಹಳೆಯದು, 1812ರದ್ದು. 1960ರಲ್ಲಿ ಮನೆತನದವರು ಅದನ್ನು ಮಾರಿದರು. ಹುಡುಕಬೇಕಾದದ್ದು ಅದಕ್ಕೂ ಮುಂಚಿನವನ್ನೇ. ಬಾಯಿಗಿಡುವ ತುದಿ ತೆಳು, ಹಲ್ಲಿಗೆ ಹಿತ. ಸೇದುವುದಕ್ಕೂ ಬೇಕೆಂದರೆ ನನ್ನ ಆಯ್ಕೆ ಇದೇ. ವರ್ಷ ಹೇಳುವುದು ಮಾತ್ರ ಕಷ್ಟ. ಬೆಳ್ಳಿ ಪಟ್ಟಿ ಇದ್ದರೆ ಹಾಲ್‌ಮಾರ್ಕ್ ನೆರವಾಗುತ್ತದೆ.

ಯಾವುದೇ ಇರಲಿ, ಪಾಲಿಶ್ ಮಾಡಿ ಮುದ್ರೆ ಅಳಿಸಿದ್ದರೆ ಕೊಳ್ಳಬೇಡಿ.