ಚೌಕಾಸಿ ಮಾಡದ ಗಿರಾಕಿಗೆ ಮನೆ ಅಗ್ರಿಮೆಂಟ್ ಮಾಡಿಕೊಡುವ ಮುನ್ನ

ಮನೆ ಮಾರಲು ಹೊರಟವರು ಬೆಂಗಳೂರು, ಮೈಸೂರುಗಳಲ್ಲಿ ಸಿಕ್ಕಿಬೀಳುವ ಬಲೆ ಹೆಚ್ಚಾಗಿ ಒಂದೇ ತರಹದ್ದು. 30×40 ಸೈಟಿನ ಹಳೆಯ ಮನೆಗೆ ಮೂರು ಆಫರ್ ಬಂದಿವೆ ಅಂದುಕೊಳ್ಳಿ. ಒಬ್ಬರು 92 ಲಕ್ಷಕ್ಕೆ ಕೇಳುತ್ತಾರೆ, ಒಂದೇ ತಿಂಗಳಲ್ಲಿ ಪೂರ್ತಿ ಹಣ. ಇನ್ನೊಬ್ಬರದು 98 ಲಕ್ಷ, ಬ್ಯಾಂಕ್ ಸಾಲ, ಎರಡು ತಿಂಗಳು. ಮೂರನೆಯವನು ಹೇಳುವುದು 1 ಕೋಟಿ 10 ಲಕ್ಷ. 1 ಲಕ್ಷ ಟೋಕನ್ ಕೈಗಿಟ್ಟು, 11 ತಿಂಗಳ ಗಡುವಿಗೆ ಕ್ರಯದ ಅಗ್ರಿಮೆಂಟ್ (ಮುಂದೆ ಮಾರಿಕೊಡುತ್ತೇವೆ ಎಂಬ ಕರಾರು) ರಿಜಿಸ್ಟರ್ ಮಾಡಿಸೋಣ ಅನ್ನುತ್ತಾನೆ. ಮನೆಯವರು ಮೂರನೆಯವನಿಗೇ ಒಪ್ಪಿಬಿಡುತ್ತಾರೆ.

ಚೌಕಾಸಿಯೇ ಮಾಡದವನನ್ನು ಕಂಡಾಗಲೇ ಅನುಮಾನ ಬರಬೇಕು. ಅವನಿಗೆ ಬೇಕಿರುವುದು ಮನೆಯಲ್ಲ, ಅಗ್ರಿಮೆಂಟು. ಕರಾರಿನಲ್ಲಿ 'ಖರೀದಿದಾರರು ಅಥವಾ ಅವರು ಸೂಚಿಸುವವರ ಹೆಸರಿಗೆ ಕ್ರಯಪತ್ರ ಬರೆದುಕೊಡತಕ್ಕದ್ದು' ಎಂಬ ಸಾಲು ಹುಡುಕಿ. ಅದರ ಬಲದಿಂದಲೇ ಅವನು ನಿಮ್ಮ ಮನೆಯನ್ನು 1 ಕೋಟಿ 25 ಲಕ್ಷಕ್ಕೆ ಊರೆಲ್ಲ ತೋರಿಸುತ್ತಾ ತಿರುಗುತ್ತಾನೆ. ಗಿರಾಕಿ ಸಿಕ್ಕರೆ ಲಾಭ ಅವನದು. ಸಿಗದಿದ್ದರೆ ಹತ್ತನೇ ತಿಂಗಳಿಗೆ ಫೋನ್ ಎತ್ತುವುದಿಲ್ಲ, ಇಲ್ಲವೇ 'ಪತ್ರದಲ್ಲಿ ತೊಡಕಿದೆ, 90ಕ್ಕೆ ಮುಗಿಸಿ' ಎಂದು ಬಂದು ಕೂರುತ್ತಾನೆ.

ಆಗ ಬೇರೆಯವರಿಗೆ ಮಾರೋಣವೆಂದರೆ ದಾರಿ ಕಟ್ಟಿರುತ್ತದೆ. ರಿಜಿಸ್ಟರ್ ಆದ ಅಗ್ರಿಮೆಂಟ್ ಇಸಿಯಲ್ಲಿ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಎದ್ದು ಕಾಣುತ್ತದೆ. ಅದು ರದ್ದಾಗದೆ ಹೊಸ ಗಿರಾಕಿಯ ಬ್ಯಾಂಕು ಸಾಲದ ಮಾತೇ ಎತ್ತುವುದಿಲ್ಲ. ರದ್ದತಿ ಪತ್ರಕ್ಕೆ ಅವನ ಸಹಿಯೂ ಬೇಕು, ಆ ಸಹಿಗೆ ಅವನು ರೇಟು ಕಟ್ಟುತ್ತಾನೆ. ಗಡುವು ಮುಗಿದ ಮಾತ್ರಕ್ಕೆ ಕರಾರು ತಾನಾಗಿ ಸಾಯುವುದಿಲ್ಲ; ಅಲ್ಲಿಂದ 3 ವರ್ಷದೊಳಗೆ 'ಕ್ರಯಪತ್ರ ಮಾಡಿಸಿಕೊಡಿ' ಎಂದು ಅವನು ದಾವೆ ಹೂಡಬಹುದು. ಗೆಲುವು ಸೋಲು ಆಮೇಲಿನ ಮಾತು, ತಡೆಯಾಜ್ಞೆ ಬಂದರೆ ಮನೆ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಈ ಹಣ ನಂಬಿಕೊಂಡು ಇನ್ನೊಂದು ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಅದರ ಮೇಲೂ ಆಸೆ ಬಿಡಬೇಕಾದೀತು.

ಹಾಗಾಗಿ ಬೆಲೆಗಿಂತ ಮೊದಲು ಮುಂಗಡ, ಗಡುವು ನೋಡಿ. ಮುಂಗಡ ಶೇ 10ಕ್ಕಿಂತ ಕಡಿಮೆ, ಗಡುವು 90 ದಿನಕ್ಕಿಂತ ಹೆಚ್ಚು ಅಂದರೆ ಆ ಆಫರನ್ನು ಪಕ್ಕಕ್ಕಿಡಿ. 'ಸೂಚಿಸುವವರ ಹೆಸರಿಗೆ' ಎಂಬ ಸಾಲನ್ನು ಹೊಡೆದುಹಾಕಿಸಿ. ಗಡುವೇ ಈ ಕರಾರಿನ ಮುಖ್ಯ ಷರತ್ತು, ತಪ್ಪಿದರೆ ಇಷ್ಟು ಮುಂಗಡ ಮುಟ್ಟುಗೋಲು ಎಂದು ಸ್ಪಷ್ಟವಾಗಿ ಬರೆಸಿ. ಗಡುವು ಮೀರಿದ ವಾರದಲ್ಲೇ ವಕೀಲರಿಂದ ನೋಟಿಸ್ ಹೋಗಬೇಕು.

98 ಲಕ್ಷದವರು ಹೆಚ್ಚಾಗಿ ಪ್ರಾಮಾಣಿಕರೇ, ಆದರೆ ಅವರ ಲೆಕ್ಕ ತಪ್ಪಿರುತ್ತದೆ. ಬ್ಯಾಂಕು ಮುಕ್ಕಾಲು ಭಾಗ ಕೊಟ್ಟಿತು ಅನ್ನಿ, ಉಳಿದ 24.5 ಲಕ್ಷ ಕೈಯಿಂದ. ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ ಶೇ 5.6, ಜೊತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಅದೇ ಸುಮಾರು ಏಳೂವರೆ ಲಕ್ಷ. ಈ 32 ಲಕ್ಷ ಈಗಲೇ ಇದೆಯಾ ಅಂತ ಕೇಳಿ, ಮುಜುಗರ ಬೇಡ. ಪ್ಲಾನ್ ಮೀರಿ ಕಟ್ಟಿದ ಮಹಡಿ ಇದ್ದರೆ ಬ್ಯಾಂಕಿನ ಮೌಲ್ಯಮಾಪಕ ಅದನ್ನು ಲೆಕ್ಕಕ್ಕೆ ಹಿಡಿಯದಿರಬಹುದು, ಆಗ ಸಾಲ ಇನ್ನೂ ಇಳಿಯುತ್ತದೆ. ನಿಮ್ಮ ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಸಿದ್ಧವಿಲ್ಲದಿದ್ದರೆ ತಡವಾಗುವುದು ನಿಮ್ಮಿಂದಲೇ.

'ಪತ್ರದಲ್ಲಿ 60 ಲಕ್ಷ ಬರೆಸೋಣ, ಮಿಕ್ಕಿದ್ದು ಕ್ಯಾಶ್' ಅನ್ನುವವರ ಜೊತೆ ಮಾತೇ ಬೇಡ. ಮನೆ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ.

ಬಣ್ಣ ಹೊಡೆಸುತ್ತೇವೆ ಅಂತ ಕೀ ಕೇಳುತ್ತಾರೆ. ಕ್ರಯಪತ್ರ ಆಗುವವರೆಗೆ ಕೀಯೂ ಇಲ್ಲ, ಮೂಲ ಪತ್ರಗಳೂ ಇಲ್ಲ. ಜೆರಾಕ್ಸ್ ಮೇಲೆ 'ಪರಿಶೀಲನೆಗೆ ಮಾತ್ರ' ಎಂದು ಅಡ್ಡಕ್ಕೆ ಬರೆದು ಕೊಡಿ. ಮುಂದಿನ ತಾರೀಖಿನ ಚೆಕ್ಕಿಗೆ ಪತ್ರ ಬರೆದುಕೊಡಬೇಡಿ. ರಿಜಿಸ್ಟರ್ ಆದ ಮೇಲೆ ಚೆಕ್ ಬೌನ್ಸ್ ಆದರೂ ಮನೆ ಅವರದೇ, ನಿಮಗೆ ಉಳಿಯುವುದು ಬಾಕಿ ಹಣಕ್ಕೆ ದಾವೆ. ಡಿಡಿ ತಂದರೆ ಅದರ ನಂಬರನ್ನು ಹಿಂದಿನ ದಿನವೇ ತರಿಸಿಕೊಂಡು, ಕೊಟ್ಟ ಶಾಖೆಯಲ್ಲೇ ವಿಚಾರಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಸರದಿ ಬಂದಾಗ ಅದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ.